ರಥವೇ ಪಾತ್ರವಾದ ಆಟ: ‘ಕಾರ್ ಬ್ಯಾಟ್ಲರ್ ಜೋ’

ಕರ್ಣಪರ್ವದ ಬಯಲಾಟವನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಕರ್ಣನು ಬಿಲ್ವಿದ್ಯೆಯ ಕೊರತೆಯಿಂದ ಸೋತವನಲ್ಲ. ಶಾಪಗಳು ಅವನನ್ನು ಬೆನ್ನಟ್ಟಿದ್ದವು, ಸಾರಥಿಯಾದ ಶಲ್ಯನು ಮುನಿದಿದ್ದನು, ಕೊನೆಗೆ ರಥದ ಚಕ್ರವು ನೆಲದಲ್ಲಿ ಹೂತುಹೋಯಿತು. ವೀರನು ಎಷ್ಟೇ ಸಮರ್ಥನಾಗಿದ್ದರೂ ವಾಹನವು ಕೈಕೊಟ್ಟರೆ ಅವನು ನಿರುಪಾಯನೆಂಬುದು ಆ ಪ್ರಸಂಗದ ಒಂದು ಹುರುಳು. ಇದೇ ಹುರುಳನ್ನು ಆಟದ ನಿಯಮವನ್ನಾಗಿ ಮಾಡಿಕೊಂಡ ವಿಡಿಯೊ ಗೇಮ್ ಒಂದಿದೆ. 2001ರಲ್ಲಿ ಜಪಾನಿನಲ್ಲಿ ಪ್ರಕಟವಾಗಿ, ಮರುವರ್ಷ ಅಮೆರಿಕದಲ್ಲಿ ‘ಕಾರ್ ಬ್ಯಾಟ್ಲರ್ ಜೋ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ಕೃತಿಯು, ಗುಣವಿದ್ದೂ ಗಮನಕ್ಕೆ ಬಾರದೆ ಉಳಿದುದರ ಬಗೆ ವಿಚಾರಾರ್ಹವಾಗಿದೆ.

ಈ ಆಟದಲ್ಲಿ ಎರಡು ಪರಂಪರೆಗಳು ಕೂಡಿವೆ. ಮೊದಲನೆಯದು ಪಾತ್ರಧಾರಣೆಯ ಆಟ. ಆಡುವವನು ಒಬ್ಬ ಕಥಾಪಾತ್ರನ ವೇಷ ತೊಟ್ಟು, ಊರೂರು ಅಲೆದು, ಜನರೊಡನೆ ಮಾತಾಡಿ, ಅನುಭವವನ್ನು ಗಳಿಸುತ್ತ ಹಂತಹಂತವಾಗಿ ಬಲಗೊಳ್ಳುತ್ತಾನೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಮೇಜಿನ ಆಟ ಇದರ ಮೂಲ. 1986ರಲ್ಲಿ ಬಂದ ‘ಡ್ರಾಗನ್ ಕ್ವೆಸ್ಟ್’ ಇದನ್ನು ಜಪಾನಿನ ಮನೆಮನೆಗೆ ಮುಟ್ಟಿಸಿತು. ಎರಡನೆಯದು ಆಯುಧ ಹೊತ್ತ ವಾಹನಗಳ ಕಾಳಗ. ‘ಕಾರ್ ವಾರ್ಸ್’ ಎಂಬ ಮೇಜಿನ ಆಟವನ್ನು ಆಧರಿಸಿ 1985ರಲ್ಲಿ ‘ಆಟೊಡ್ಯುಯೆಲ್’ ಎಂಬ ಗಣಕಯಂತ್ರದ ಆಟ ರಚಿತವಾಯಿತು. 1991ರಲ್ಲಿ ಜಪಾನಿನ ‘ಮೆಟಲ್ ಮ್ಯಾಕ್ಸ್’ ಯುದ್ಧ ಟ್ಯಾಂಕುಗಳನ್ನು ಪಾತ್ರಧಾರಣೆಯ ಕಥೆಯೊಳಕ್ಕೆ ತಂದಿತು. ‘ಕಾರ್ ಬ್ಯಾಟ್ಲರ್ ಜೋ’ ಈ ಕೂಡುದಾರಿಯಲ್ಲಿ ನಡೆದ ಕೃತಿ; ಆದರೆ ಅದು ನಡೆದದ್ದು ಅಂಗೈಯಗಲದ ಯಂತ್ರದ ಮೇಲೆ.

ಕಥೆ ಸರಳವಾದುದು. ಕಾಣೆಯಾದ ತಂದೆಯನ್ನು ಹುಡುಕಲು ಜೋ ಎಂಬ ಹುಡುಗನು ಕಾಳಗದ ಕಾರೊಂದನ್ನು ಏರಿ ಹೊರಡುತ್ತಾನೆ. ವೈರಿ ವಾಹನಗಳನ್ನು ಸೋಲಿಸಿ, ದೊರೆತ ಸಾಮಗ್ರಿಗಳನ್ನು ಕೂಡಿಹಾಕಿ, ತನ್ನ ಕಾರಿಗೆ ಹೊಸ ಭಾಗಗಳನ್ನೂ ಆಯುಧಗಳನ್ನೂ ಜೋಡಿಸುತ್ತಾನೆ. ಇಲ್ಲಿಯೇ ಆಟದ ವೈಶಿಷ್ಟ್ಯ ಕಾಣುತ್ತದೆ. ಬೇರೆ ಆಟಗಳಲ್ಲಿ ವೀರನು ಬೆಳೆಯುತ್ತಾನೆ. ಇಲ್ಲಿ ಬೆಳೆಯುವುದು ಅವನ ವಾಹನ. ಯಾವ ಭಾಗವನ್ನು ಕೂಡಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಆಡುವವನ ಪಾತ್ರವನ್ನು ರೂಪಿಸುತ್ತದೆ.

ಇದನ್ನು ಆಡಲು ಬೇಕಾದ ‘ಗೇಮ್ ಬಾಯ್ ಅಡ್ವಾನ್ಸ್’ ನಿಂಟೆಂಡೊ ಸಂಸ್ಥೆಯು 2001ರಲ್ಲಿ ಹೊರತಂದ ಯಂತ್ರ. ಎರಡು ಸಣ್ಣ ಬ್ಯಾಟರಿಗಳಿಂದ ನಡೆಯುವ ಇದರ ಪರದೆಯಲ್ಲಿ ಅಡ್ಡಲಾಗಿ 240, ಉದ್ದಕ್ಕೆ 160, ಒಟ್ಟು 38,400 ಚುಕ್ಕೆಗಳು ಮಾತ್ರ. ಮೂರು ಆಯಾಮದ ಚಿತ್ರವನ್ನು ರಚಿಸುವ ಪ್ರತ್ಯೇಕ ಸಾಧನ ಇದರಲ್ಲಿಲ್ಲ. ಆದರೆ ಚಪ್ಪಟೆಯಾದ ಚಿತ್ರವನ್ನು ತಿರುಗಿಸುವ, ಹಿಗ್ಗಿಸುವ, ಕುಗ್ಗಿಸುವ ಸಾಮರ್ಥ್ಯವಿದೆ. ನೆಲದ ಚಿತ್ರವನ್ನು ಸಾಲುಸಾಲಾಗಿ ಬೇರೆಬೇರೆ ಅಳತೆಗೆ ಕುಗ್ಗಿಸಿದರೆ, ಮೇಲಿನ ಸಾಲು ದೂರದ ದಿಗಂತವಾಗಿಯೂ ಕೆಳಗಿನ ಸಾಲು ಕಾಲಬುಡದ ನೆಲವಾಗಿಯೂ ತೋರುತ್ತದೆ. ಬಣ್ಣ ಬಳಿದ ಪರದೆಯೊಂದನ್ನು ಹಿಂದೆ ಇಳಿಬಿಟ್ಟು ರಂಗದ ಮೇಲೆ ಅರಮನೆಯನ್ನೋ ಕಾಡನ್ನೋ ನಂಬಿಸುವ ನಾಟಕ ಕಂಪನಿಗಳ ಉಪಾಯಕ್ಕೂ ಇದಕ್ಕೂ ಬಂಧುತ್ವವಿದೆ.

ಇದನ್ನು ರಚಿಸಿದವರು ಅಪರಿಚಿತರಲ್ಲ. 1990ರಲ್ಲಿ ಸಂಗೀತ ಸಂಯೋಜಕ ಯುಜೊ ಕೊಶಿರೊ ತಮ್ಮ ತಾಯಿ ಮತ್ತು ತಂಗಿಯೊಡನೆ ಕಟ್ಟಿದ ‘ಏನ್‌ಶಿಯಂಟ್’ ಸಂಸ್ಥೆಯ ಕೃತಿಯಿದು. 1992ರ ‘ಸ್ಟ್ರೀಟ್ಸ್ ಆಫ್ ರೇಜ್ 2’ ಆಟದ ನಿರ್ಮಾಣದಲ್ಲಿ ಇದೇ ಸಂಸ್ಥೆಯ ಕೈಯಿದ್ದು, ಆ ಆಟ ಇಂದಿಗೂ ಪ್ರಸಿದ್ಧವಾಗಿದೆ. ಹೀಗಿದ್ದೂ ‘ಜೋ’ ಮರೆಗೆ ಸರಿದದ್ದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಅದೇ ಯಂತ್ರಕ್ಕೆ ಅದೇ 2001ರಲ್ಲಿ ಓಟದ ಪ್ರಿಯರಿಗೆಂದು ‘ಮಾರಿಯೊ ಕಾರ್ಟ್: ಸೂಪರ್ ಸರ್ಕ್ಯೂಟ್’, ಕಥೆಯ ಪ್ರಿಯರಿಗೆಂದು ‘ಗೋಲ್ಡನ್ ಸನ್’ ಬಂದಿದ್ದವು. ಎರಡರ ನಡುವಣ ಗಡಿಯಲ್ಲಿ ನಿಂತ ಆಟವನ್ನು ಓಟದವರು ಕಥೆಯದೆಂದೂ ಕಥೆಯವರು ಓಟದ್ದೆಂದೂ ಬದಿಗಿರಿಸುವುದು ಸಹಜ.

ಗಡಿಯ ಈ ಪಾಡು ಡಿ. ಹಿರೇಹಾಳ್ ಸೀಮೆಗೆ ಹೊಸದಲ್ಲ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರದ ಪಾಲಾಯಿತು. ಇಲ್ಲಿನ ಮನೆಮಾತಿನ ಕನ್ನಡ, ಇಲ್ಲಿನ ಆಟ, ಹಾಡು, ಗಾದೆಗಳು ಕರ್ನಾಟಕದ ಸಂಕಲನಗಳಿಗೆ ಹೊರಗಿನವು, ತೆಲುಗಿನ ಸಂಕಲನಗಳಿಗೆ ಅನ್ಯವಾದವು ಎಂಬಂತಾಗುವ ಅಪಾಯ ಸದಾ ಇದೆ. ಎರಡು ನುಡಿಗಳು ಬೆರೆತು ಹೊಸ ಸೊಗಸು ಹುಟ್ಟುವ ಎಡೆಯೇ ಎರಡೂ ಕಡೆಯ ಪಟ್ಟಿಗಳಿಂದ ಜಾರಿಹೋಗುತ್ತದೆ.

ಜಾರಿದ್ದು ಬೇಗನೆ ಅಳಿಯುತ್ತದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ದೊರೆಯುವುದಿಲ್ಲ. ಇಷ್ಟು ಎಳೆಯ ವಯಸ್ಸಿನ ಕಲೆಗೇ ಈ ಗತಿಯಾದರೆ, ಬರಹಕ್ಕೆ ಇಳಿಯದ ಗಡಿಸೀಮೆಯ ಬಯಲಾಟದ ಪ್ರಸಂಗಗಳ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಜೋ ತನ್ನ ಕಾರನ್ನು ಕಟ್ಟಿಕೊಂಡದ್ದು ದಾರಿಯಲ್ಲಿ ದೊರೆತ ಬಿಡಿಭಾಗಗಳಿಂದ. ಊರಿನ ಹಿರಿಯ ಭಾಗವತರಿಂದ ಒಂದು ಪ್ರಸಂಗವನ್ನೋ, ಅಜ್ಜಿಯಿಂದ ಹತ್ತು ಪದಗಳನ್ನೋ ಬರೆದುಕೊಳ್ಳುವ ಕನ್ನಡ ವಿದ್ಯಾರ್ಥಿಯ ಕೆಲಸವೂ ಅಂಥದೇ. ಒಂದೊಂದಾಗಿ ಕೂಡಿಸಿದರೆ ಹೂತ ಚಕ್ರವೂ ಮೇಲೇಳಬಲ್ಲದು.