ಬಡಿಸುವವರು ಬಾಗಬೇಕು

ಬೆಂಗಳೂರಿನಿಂದ ತುಮಕೂರಿನತ್ತ ಹೊರಟವರಿಗೆ ಕ್ಯಾತ್ಸಂದ್ರ ಎಂದೊಡನೆ ನೆನಪಾಗುವುದು ತಟ್ಟೆ ಇಡ್ಲಿ. ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ, ಅಂಗೈಯಗಲದ ಬಿಸಿ ಇಡ್ಲಿಯನ್ನು ಚಟ್ನಿಯೊಂದಿಗೆ ತಿಂದು, ಬಿಲ್ಲು ಕೊಟ್ಟು ಮುಂದೆ ಸಾಗುವುದು ವಾಡಿಕೆ. ಇದೇ ಊರಿನ ಮಗ್ಗುಲಲ್ಲಿ, ಬೆಟ್ಟದ ಬುಡದಲ್ಲಿ, ಬಿಲ್ಲೇ ಇಲ್ಲದ ಇನ್ನೊಂದು ಊಟ ಪ್ರತಿನಿತ್ಯ ನಡೆಯುತ್ತದೆ. ಅದು ಸಿದ್ಧಗಂಗಾ ಮಠದ ದಾಸೋಹ. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿರುವ ಸುಮಾರು ಹತ್ತು ಸಾವಿರ ಮಕ್ಕಳು, ಅವರ ಜೊತೆಗೆ ಬಂದುಹೋಗುವ ಭಕ್ತರು, ಯಾತ್ರಿಕರು ಎಲ್ಲರೂ ಅಲ್ಲಿ ಉಣ್ಣುತ್ತಾರೆ. ಯಾವ ಜಾತಿ, ಯಾವ ಊರು ಎಂದು ಕೇಳುವವರಿಲ್ಲ.

ಇಂಥ ಜಾಗಕ್ಕೆ ಹೋದವರಿಗೆ 'ನಾವೂ ಏನಾದರೂ ಸೇವೆ ಮಾಡಬೇಕು' ಎನಿಸುವುದು ಸಹಜ. ಈ ಆಸೆ ಒಳ್ಳೆಯದೇ. ಆದರೆ ಸೇವೆಗೆ ಮನಸ್ಸೊಂದಿದ್ದರೆ ಸಾಕೆ? ಈಜಿನಂತೆ, ಅಡುಗೆಯಂತೆ ಅದೂ ಕಲಿಯಬೇಕಾದ ವಿದ್ಯೆಯೆ? ನಮ್ಮ ನಾಡಿನ ಅನುಭವವನ್ನು ಕೇಳಿದರೆ, ಕಲಿಯಬೇಕಾದ ವಿದ್ಯೆಯೇ ಹೌದು.

ದಾನ ಮತ್ತು ದಾಸೋಹ

ದಾನ ಎಂಬ ಮಾತಿನಲ್ಲಿ ಎರಡು ಕೈಗಳಿವೆ. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ಹನ್ನೆರಡನೆಯ ಶತಮಾನದ ಶರಣರಿಗೆ ಈ ಮೇಲು ಕೀಳು ಒಪ್ಪಿಗೆಯಾಗಲಿಲ್ಲ. ಅವರು ಹಿಡಿದ ಮಾತು ದಾಸೋಹ. 'ದಾಸೋಽಹಂ' ಎಂದರೆ 'ನಾನು ದಾಸನು' ಎಂದರ್ಥ. 'ಸೋಽಹಂ', ಅಂದರೆ 'ಅವನೇ ನಾನು' ಎಂಬ ತತ್ತ್ವದ ಎದುರಿಗೆ ಈ ವಿನಯದ ಮಾತನ್ನು ಶರಣರು ನಿಲ್ಲಿಸಿದರು. ಇಲ್ಲಿ ಕೊಡುವವನೇ ಸೇವಕ; ಉಣ್ಣಲು ಕುಳಿತವನು ಅವನಿಗೆ ಒಡೆಯನ ಸಮಾನ. ಪಂಕ್ತಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನೆಲದ ಮೇಲೆ ಕುಳಿತವನ ತಟ್ಟೆಗೆ ಬಡಿಸಬೇಕಾದರೆ ಬಡಿಸುವವನು ಬಾಗಲೇಬೇಕು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆಯನ್ನು ಕೇಳದವರು ವಿರಳ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಒಳ್ಳೆಯ ಕೆಲಸದಲ್ಲಿಯೂ ಆಸೆ ನುಸುಳಬಲ್ಲದು ಎಂಬ ಎಚ್ಚರ ಆಕೆಯದು. ಸೇವೆಯ ಅಳತೆಗೋಲು ಎದುರಿನವರ ಅಗತ್ಯ. ನಮ್ಮ ಉತ್ಸಾಹವನ್ನು ಅದರಿಂದಲೇ ಅಳೆಯಬೇಕು.

ಸಿದ್ಧಗಂಗೆಯ ಇತಿಹಾಸದಲ್ಲೂ ಈ ವಿನಯ ಹಾಸುಹೊಕ್ಕಾಗಿದೆ. ಉದ್ಧಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಶಿವಣ್ಣ ಎಂಬ ಹುಡುಗ ವಿದ್ಯಾರ್ಥಿಯಾಗಿ ಈ ಮಠದ ಅನ್ನ ಉಂಡವನು. ಆತನೇ 1930ರಲ್ಲಿ ಸನ್ಯಾಸ ಪಡೆದು ಶಿವಕುಮಾರ ಸ್ವಾಮೀಜಿಯಾದರು. 1941ರಲ್ಲಿ ಹಿರಿಯರು ಲಿಂಗೈಕ್ಯರಾದ ಬಳಿಕ ಮಠದ ಪೂರ್ಣ ಹೊಣೆ ಹೊತ್ತರು. ಮಕ್ಕಳ ಅನ್ನಕ್ಕಾಗಿ ಅವರು ಊರೂರು ಸುತ್ತಿ ಭಿಕ್ಷೆ ಎತ್ತಿದರು. ಮಳೆ ಕೈಕೊಟ್ಟ ವರ್ಷವೂ ರೈತ ತನ್ನ ಪಾಲಿನ ರಾಗಿ ಕೊಟ್ಟ. ಸಾವಿರಾರು ಮಕ್ಕಳಿಗೆ ಉಣಿಸುವವರೇ ರೈತನ ಬಾಗಿಲಲ್ಲಿ ಕೈಯೊಡ್ಡಿ ನಿಂತಾಗ, ಕೊಡುವವರು ಯಾರು, ಪಡೆಯುವವರು ಯಾರು ಎಂಬ ಗೆರೆ ಅಳಿಸಿಹೋಗುತ್ತದೆ.

ಪೊರಕೆ ಹಿಡಿದ ಪ್ರತಿನಿಧಿ

'ಸ್ವಯಂಸೇವಕ' ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದದ್ದು ರಾಷ್ಟ್ರೀಯ ಚಳವಳಿಯ ದಿನಗಳಲ್ಲಿ. 1901ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ದಕ್ಷಿಣ ಆಫ್ರಿಕದಿಂದ ಬಂದಿದ್ದ ಗಾಂಧೀಜಿ ಅಲ್ಲಿನ ಸ್ವಯಂಸೇವಕರನ್ನು ಕಂಡು ಬೇಸರಪಟ್ಟರು. ಒಬ್ಬನಿಗೆ ಹೇಳಿದ ಕೆಲಸವನ್ನು ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಮತ್ತೊಬ್ಬನಿಗೆ ದಾಟಿಸುತ್ತಿದ್ದ. ಶೌಚಾಲಯಗಳ ಗಲೀಜು ಹೇಳತೀರದು. ಅದನ್ನು ತೋರಿಸಿದರೆ, ಅದು ತಮ್ಮ ಕೆಲಸವಲ್ಲ, ಝಾಡಮಾಲಿಗಳದು ಎಂಬ ಉತ್ತರ ಬಂತು. ಗಾಂಧೀಜಿ ಒಂದು ಪೊರಕೆ ಹುಡುಕಿ ತಂದು ತಾವೇ ಶುಚಿ ಮಾಡಿದರು. ಮುಂದೆ ಕಚೇರಿಗೆ ಹೋಗಿ, ಪತ್ರಗಳಿಗೆ ಉತ್ತರ ಬರೆಯುವ ಗುಮಾಸ್ತೆಯ ಕೆಲಸವನ್ನೂ ಕೇಳಿ ಪಡೆದರು. ಈ ಪ್ರಸಂಗ ಅವರ ಆತ್ಮಕಥೆಯಲ್ಲಿದೆ.

ಇಪ್ಪತ್ತಮೂರು ವರ್ಷಗಳ ಬಳಿಕ, 1924ರ ಡಿಸೆಂಬರಿನಲ್ಲಿ, ಅವರೇ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನ ನಮ್ಮ ಬೆಳಗಾವಿಯಲ್ಲಿ ಸೇರಿತು. ಹಿಂದಿನ ವರ್ಷದ ಕೊನೆಯಲ್ಲಷ್ಟೇ ಕಾಕಿನಾಡದಲ್ಲಿ ಸೇವಾದಳಕ್ಕೆ ರೂಪ ಸಿಕ್ಕಿತ್ತು. ಅದನ್ನು ಕಟ್ಟಿದ ನಾ.ಸು. ಹರ್ಡೀಕರ್ ನಮ್ಮವರೇ. ಬೆಳಗಾವಿಯಲ್ಲಿ ನೈರ್ಮಲ್ಯದ ಕೆಲಸಕ್ಕೆಂದೇ ಸ್ವಯಂಸೇವಕರ ತಂಡವಿತ್ತು. ಮೇಲ್ಜಾತಿಯ ಯುವಕರೂ ಅದರಲ್ಲಿದ್ದರು. ಕಲ್ಕತ್ತೆಯಲ್ಲಿ ಯಾರೂ ಮುಟ್ಟದ ಕೆಲಸವನ್ನು ಬೆಳಗಾವಿಯಲ್ಲಿ ಹೊಣೆಯೆಂದು ಒಪ್ಪಿಕೊಂಡರು. ಈ ಬದಲಾವಣೆಯ ಹಿಂದೆ ತರಬೇತಿಯಿತ್ತು, ಶಿಸ್ತಿತ್ತು, ಯಾವ ಕೆಲಸವೂ ಕೀಳಲ್ಲ ಎಂಬ ತಿಳಿವಳಿಕೆಯಿತ್ತು.

ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. 'ನನಗಲ್ಲ, ನಿನಗೆ' ಎಂಬುದು ಅದರ ಧ್ಯೇಯವಾಕ್ಯ. ಹಳ್ಳಿಯ ಶಿಬಿರ ಕಂಡವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ನಾನೂ ಅವರಲ್ಲೊಬ್ಬ.

ಅಜ್ಜಿ ಕಲಿಸಿದ ಪಾಠ

ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಶಿಬಿರ. ನಲವತ್ತು ಹುಡುಗರು ಹಾರೆ, ಗುದ್ದಲಿ ಹಿಡಿದು ರಸ್ತೆ ಸರಿಮಾಡಿದೆವು. ಸಂಜೆ ಭಾಷಣ, ಹಾಡು. ಕೊನೆಯ ದಿನ ಊರಿನವರ ಅಭಿಪ್ರಾಯ ಕೇಳಲು ಹೊರಟೆವು. ಶಾಲೆಯ ಪಕ್ಕದ ಮನೆಯ ಅಜ್ಜಿ ನಗುತ್ತಲೇ ಹೇಳಿದರು: "ನೀವ್ ಬಂದಿದ್ದು ಸಂತೋಸ ಕಣ್ರಪ್ಪಾ. ಆದ್ರೆ ನಿಮ್ಗೆ ನೀರು ಹೊತ್ತೂ ಹೊತ್ತೂ ನನ್ ಸೊಂಟ ಬಿದ್ದೋಯ್ತು."

ಅಷ್ಟು ದಿನವೂ ನಾವು ಕುಡಿದ, ಮಿಂದ ನೀರನ್ನು ಊರಾಚೆಯ ಬಾವಿಯಿಂದ ಆ ಕೇರಿಯ ಹೆಂಗಸರು ಹೊತ್ತು ತಂದಿದ್ದರು. ಅದು ಎಲ್ಲಿಂದ ಬಂತೆಂದು ನಲವತ್ತು ಜನರಲ್ಲಿ ಒಬ್ಬನೂ ಕೇಳಿರಲಿಲ್ಲ. ಊರಿಗೆ ಬೇಕಾಗಿದ್ದದ್ದು ರಸ್ತೆಯೋ ಬಾವಿಯ ದಾರಿಯೋ ಎಂದೂ ಕೇಳಿರಲಿಲ್ಲ. ಸೇವೆ ಮಾಡಿದವರು ಯಾರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸ್ವಯಂಸೇವೆಯ ಮೊದಲ ಪಾಠ ಇದು: ಹೋಗುವ ಮೊದಲು ಕೇಳಬೇಕು. ಏನು ಬೇಕು, ಯಾವಾಗ ಬೇಕು, ಎಷ್ಟು ಜನ ಸಾಕು ಎಂಬುದನ್ನು ಅಲ್ಲಿ ದಿನವೂ ದುಡಿಯುವವರೇ ಬಲ್ಲರು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಗಳಿಂದ ಹಳೆಯ ಬಟ್ಟೆಯ ಮೂಟೆಗಳು ಬಂದವು. ಉಡಲು ಬಾರದ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿಬಿದ್ದವು. ಮನೆ ಕಳೆದುಕೊಂಡ ಮೀನುಗಾರನಿಗೂ ತನ್ನದೇ ಆದ ಮಾನವಿದೆ, ಅಭಿರುಚಿಯಿದೆ ಎಂಬುದು ಕಳಿಸಿದವರಿಗೆ ಹೊಳೆದಿರಲಿಲ್ಲ. ಅವನ್ನು ವಿಂಗಡಿಸಿ ಉಪಯೋಗಕ್ಕೆ ತರಲು 'ಗೂಂಜ್' ಸಂಸ್ಥೆಯಂಥವರು ಬಹಳ ದಿನ ದುಡಿಯಬೇಕಾಯಿತು. ಲಕ್ಕಮ್ಮನ ಎಚ್ಚರ ಇಲ್ಲಿ ನೆನಪಾಗದಿರದು.

ಎರಡನೆಯದು, ಕೊಟ್ಟ ಕೆಲಸವನ್ನು ಮಾಡುವುದು. ದೊಡ್ಡ ಅಡುಗೆಮನೆಗೆ ಸೇವೆಗೆಂದು ಹೋದವರೆಲ್ಲರಿಗೂ ಬಡಿಸುವ ಆಸೆ. ಅದು ನಾಲ್ವರ ಕಣ್ಣಿಗೆ ಬೀಳುವ ಕೆಲಸ. ಈರುಳ್ಳಿ ಹೆಚ್ಚುವುದು, ಕೊಪ್ಪರಿಗೆ ಉಜ್ಜುವುದು, ಎಂಜಲು ಬಳಿಯುವುದು ಉಳಿದೇ ಇರುತ್ತವೆ. ಸಾವಿರಾರು ಜನರ ಅಡುಗೆಗೆ ಸೌದೆಯಿಂದ ಸೌಟಿನವರೆಗೆ ಒಂದು ಲೆಕ್ಕಾಚಾರವಿದೆ. ವರ್ಷಗಟ್ಟಲೆ ಒಲೆಯ ಮುಂದೆ ಬೆಂದ ಭಟ್ಟರಿಗೆ ಅದು ಕರತಲಾಮಲಕ. ಅರ್ಧ ದಿನಕ್ಕೆ ಬಂದವರು ಅವರಿಗೆ ಬುದ್ಧಿ ಹೇಳದೆ, ಅವರು ಹೇಳಿದಂತೆ ಕೇಳಿದರೆ ಅದೇ ದೊಡ್ಡ ಉಪಕಾರ. ಒಪ್ಪಿದ ಹೊತ್ತಿಗೆ ಹೋಗುವುದು, ಮುಗಿಯುವವರೆಗೆ ಇರುವುದು, ಬರಲಾಗದಿದ್ದರೆ ಮೊದಲೇ ತಿಳಿಸುವುದೂ ಇದರೊಳಗೇ ಸೇರಿದೆ. ಬರುತ್ತೇನೆಂದು ಬಾರದವನ ಪಾಲಿನ ಕೆಲಸ ಇನ್ನೊಬ್ಬರ ಬೆನ್ನಿಗೆ ಬೀಳುತ್ತದೆ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಪಡೆಯುವವರ ಮುಖ. 2020ರ ಕೊರೊನಾ ದಿನಗಳಲ್ಲಿ ಒಂದು ಪಡಿಚೀಲಕ್ಕೆ ಹತ್ತು ಕೈಗಳು ಅಂಟಿಕೊಂಡ ಚಿತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ಹತ್ತೂ ಜನ ಕ್ಯಾಮೆರಾ ನೋಡುತ್ತಿರುತ್ತಾರೆ. ಚೀಲ ಪಡೆದವರು ಮಾತ್ರ ನೆಲ ನೋಡುತ್ತಿರುತ್ತಾರೆ. ವಿದ್ಯಾರ್ಥಿನಿಲಯದ ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಹತ್ತನೆಯ ವಯಸ್ಸಿಗೆ ಅಪ್ಪ ಅಮ್ಮನನ್ನು ಬಿಟ್ಟು ಬಂದ ಹುಡುಗನ ಬಾಯಿಗೆ ತುತ್ತಿಡುವಂತೆ ಚಿತ್ರ ತೆಗೆಸಿಕೊಂಡರೆ, ಅವನ ಊಟ ನಮ್ಮ ಪ್ರದರ್ಶನದ ಸಾಮಗ್ರಿಯಾಗುತ್ತದೆ. 'ನಿಮ್ಮಪ್ಪ ಏನು ಮಾಡ್ತಾರೆ, ಇಲ್ಲಿಗೆ ಯಾಕೆ ಬಂದೆ' ಎಂದು ಕೆದಕುವುದೂ ಬೇಡ. 'ಮತ್ತೆ ಬರ್ತೀನಿ' ಎಂಬ ಮಾತನ್ನು ಬರುವ ಖಾತರಿಯಿದ್ದರೆ ಮಾತ್ರ ಆಡಬೇಕು. ನಾವು ಮರೆತರೂ ಮಕ್ಕಳು ಭಾನುವಾರಗಳನ್ನು ಎಣಿಸುತ್ತಿರುತ್ತಾರೆ.

ಆ ಎರಡು ಗಂಟೆ

2019ರ ಜನವರಿ 21, ಸೋಮವಾರ. ನೂರಾ ಹನ್ನೊಂದು ವರ್ಷದ ಶಿವಕುಮಾರ ಸ್ವಾಮೀಜಿ ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ಲಿಂಗೈಕ್ಯರಾದರು. ಸುದ್ದಿಯನ್ನು ಅಧಿಕೃತವಾಗಿ ಪ್ರಕಟಿಸಿದ್ದು ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ. ಮಕ್ಕಳ ಊಟ ಮುಗಿದ ಮೇಲೆಯೇ ತಮ್ಮ ಸಾವಿನ ಸುದ್ದಿ ತಿಳಿಸಬೇಕೆಂದು ಸ್ವಾಮೀಜಿ ಬಯಸಿದ್ದರೆಂದು ಅಂದು ವರದಿಯಾಯಿತು. ಸುದ್ದಿ ಕಿವಿಗೆ ಬಿದ್ದರೆ ಮಕ್ಕಳು ತಟ್ಟೆ ಮುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆ ಎರಡು ಗಂಟೆ ಎಂದಿನಂತೆ ಪಂಕ್ತಿ ಕುಳಿತಿತು. ಬಡಿಸುವವರು ಬಾಗಿ ಬಡಿಸಿದರು, ಮಕ್ಕಳು ಉಂಡು ತಟ್ಟೆ ತೊಳೆದರು. ಮುಂದಿನ ಭಾನುವಾರ ಸೇವೆಗೆಂದು ಹೊರಡುವವರು ಆ ಮಧ್ಯಾಹ್ನವನ್ನೊಮ್ಮೆ ನೆನೆದುಕೊಂಡು ಹೊರಟರೆ ಸಾಕು. ಅಲ್ಲಿ ಏನು ಮಾಡಬೇಕೆಂಬುದನ್ನು ಒಲೆಯ ಮುಂದಿರುವವರು ಹೇಳಿಕೊಡುತ್ತಾರೆ.