ಬಡಾವಣೆ ಬೆಳೆಯುವ ಬಗೆ

ಕಲ್ಲುಸಕ್ಕರೆಯನ್ನು ತಯಾರಿಸುವ ವಿಧಾನವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಸಕ್ಕರೆಯ ಗಟ್ಟಿ ಪಾಕದೊಳಗೆ ದಾರಗಳನ್ನು ಇಳಿಬಿಟ್ಟು, ಕೆಲವು ದಿನ ಅಲುಗಿಸದೆ ಇಟ್ಟರೆ, ಹರಳುಗಳು ಆ ದಾರಗಳ ಸುತ್ತ ಕಟ್ಟಿಕೊಳ್ಳುತ್ತವೆ. ದಾರದ ತೂಕ ಅತ್ಯಲ್ಪ. ಅದಕ್ಕೆ ಅಂಟಿದ ಸಕ್ಕರೆಯ ತೂಕ ಅದರ ಹಲವು ಮಡಿ. ಆದರೂ ಹರಳು ಎಲ್ಲಿ ಬೆಳೆಯಬೇಕೆಂಬುದನ್ನು ಗೊತ್ತುಮಾಡುವುದು ದಾರವೇ. ನಗರದಲ್ಲಿ ಮನೆಗಳು ಏಳುವ ರೀತಿಯೂ ಬಹುಮಟ್ಟಿಗೆ ಹೀಗೆಯೇ. ರಸ್ತೆ, ಚರಂಡಿ, ನೀರಿನ ಕೊಳವೆಗಳಿಗೆ ಸರ್ಕಾರ ತೊಡಗಿಸುವ ಹಣ ದಾರದಂತೆ. ಮನೆ ಕಟ್ಟಲು ಜನರು ತೊಡಗಿಸುವ ಹಣ ಸಕ್ಕರೆಯಂತೆ. ಬೆಂಗಳೂರಿನ ಚರಿತ್ರೆಯಲ್ಲಿ ಇದನ್ನು ಪರೀಕ್ಷಿಸಿ ನೋಡೋಣ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ತಗುಲಿತು. ಇಕ್ಕಟ್ಟಾದ ಹಳೆಯ ಪೇಟೆಯನ್ನು ಬಿಟ್ಟು ಜನರು ಬಯಲಿನತ್ತ ಸರಿಯಬೇಕಾಯಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಕಾಲದಲ್ಲಿ. ಅಲ್ಲಿ ಮೊದಲು ನೇರವಾದ ಬೀದಿಗಳನ್ನು ಗುರುತಿಸಿದರು; ಕೊಳೆ ಸಾಗಿಸಲು ಮನೆಗಳ ಹಿಂಬದಿಯಲ್ಲಿ ಓಣಿಗಳನ್ನು ಬಿಟ್ಟರು; ಅನಂತರ ನಿವೇಶನಗಳನ್ನು ಹಂಚಿದರು. ಮನೆಗಳನ್ನು ಕಟ್ಟಿಕೊಂಡವರು ಮಾತ್ರ ಜನರೇ. 1945ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಇವೆರಡೂ ಬಡಾವಣೆಗಳನ್ನು ರಚಿಸುವಾಗ ಇದೇ ಕ್ರಮವನ್ನು ಹಿಡಿದುವು.

ಮನೆ ಕಟ್ಟುವವನೇ ಈ ಸೌಕರ್ಯಗಳನ್ನೂ ಏಕೆ ಮಾಡಿಕೊಳ್ಳಬಾರದು? ಒಂದು ಲೆಕ್ಕ ಮಾಡೋಣ. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಬೇಕು. ಒಂದು ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು, ನಷ್ಟಗಳನ್ನು ಬಿಟ್ಟರೆ, 49 ಲಕ್ಷ ಜೂಲ್ ಶಕ್ತಿ ಸಾಕು, ಎಂದರೆ 1.4 ಯೂನಿಟ್ಟಿಗೂ ತುಸು ಕಡಿಮೆ ವಿದ್ಯುತ್ತು. ಇದು ಯಾವ ಸಂಸಾರಕ್ಕೂ ಭಾರವಲ್ಲ. ಆದರೆ 100 ಕಿಲೋಮೀಟರು ಉದ್ದದ ಕೊಳವೆಯನ್ನು ಹೂಳುವುದು ಯಾವ ಸಂಸಾರಕ್ಕೂ ಸಾಧ್ಯವಲ್ಲ. ಕೊಳವೆಯನ್ನು ತುಂಡುಮಾಡಿ ಒಬ್ಬೊಬ್ಬರು ಒಂದೊಂದು ಪಾಲು ಕೊಳ್ಳಲು ಬಾರದು. ಆದುದರಿಂದಲೇ ಆ ವೆಚ್ಚ ಸಾರ್ವಜನಿಕವಾಗಬೇಕು.

ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ? 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದುವು. ಅಲ್ಲಿ ಮನೆಗಳೂ ಬಹುಮಹಡಿ ಕಟ್ಟಡಗಳೂ ಮೊದಲು ಎದ್ದುವು. ಈ ಪ್ರದೇಶಕ್ಕೆಂದೇ ಕೈಗೊಂಡ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವಣ ವರ್ಷಗಳಲ್ಲಿ ಅಲ್ಲಿಯವರು ಕೊಳವೆಬಾವಿಗಳನ್ನು ನಂಬಿದರು. 2024ರ ಬೇಸಗೆಯಲ್ಲಿ ನಗರದ ಅನೇಕ ಬಾವಿಗಳು ಬತ್ತಿದಾಗ ಟ್ಯಾಂಕರಿಗಾಗಿ ಕಾಯಬೇಕಾಯಿತು. ಕಟ್ಟಿ ಮುಗಿದ ಬೀದಿಯನ್ನು ಮತ್ತೆ ಅಗೆದು ಕೊಳವೆ ಹೂಳುವುದು ಬರಿಯ ಬಯಲಿನಲ್ಲಿ ಹೂಳುವುದಕ್ಕಿಂತ ಬಲು ತೊಡಕಿನ ಕೆಲಸ.

ಮೂರನೆಯ ಬಗೆಯ ನೆಲೆಗಳೂ ಉಂಟು, ಅವು ಕೊಳೆಗೇರಿಗಳು. ಅಲ್ಲಿಯ ಜನರು ದುಡಿಯುವುದಿಲ್ಲವೆಂದಲ್ಲ. ಆದರೆ ನೆಲದ ಹಕ್ಕುಪತ್ರವಿಲ್ಲದವನಿಗೆ ಬ್ಯಾಂಕಿನಿಂದ ಮನೆಸಾಲ ದೊರೆಯುವುದು ದುರ್ಲಭ. ನಾಳೆ ಎಬ್ಬಿಸಿಯಾರೆಂಬ ಭಯವಿರುವಲ್ಲಿ ಗಟ್ಟಿ ಗೋಡೆ ಕಟ್ಟಲು ಯಾರಿಗೂ ಧೈರ್ಯ ಬಾರದು. ಅಲ್ಲಿ ಪಾಕವಿದೆ, ದಾರವಿಲ್ಲ. ಹಕ್ಕುಪತ್ರವೂ ಕೊಳವೆಯಂತೆಯೇ ಸರ್ಕಾರ ಮಾತ್ರ ಕೊಡಬಲ್ಲ ವಸ್ತು.

ನಮ್ಮ ಹೋಲಿಕೆ ಒಂದೆಡೆ ಸಾಲದಾಗುತ್ತದೆ. ಪಾಕಕ್ಕೆ ನ್ಯಾಯ ಅನ್ಯಾಯಗಳಿಲ್ಲ. ನಗರದಲ್ಲಾದರೋ ತೆರಿಗೆ ಎಲ್ಲರಿಂದಲೂ ಬರುತ್ತದೆ. ಕೊಟ್ಟವರಲ್ಲಿ ಗುಡಿಸಲಿನವನೂ ಇದ್ದಾನೆ. ಆದರೆ ರಸ್ತೆ ನೀರುಗಳು ಬಂದ ಕಡೆ ನಿವೇಶನದ ಬೆಲೆ ಏರಿ, ಆ ಲಾಭ ಅದರ ಒಡೆಯನಿಗೇ ಸೇರುತ್ತದೆ. ಹೀಗಿರುವುದರಿಂದ ಮುಂದಿನ ಕೊಳವೆ ಯಾವ ಬೀದಿಗೆ ಎಂಬುದು ಎಂಜಿನಿಯರರೊಬ್ಬರೇ ತೀರ್ಮಾನಿಸುವ ಪ್ರಶ್ನೆಯಲ್ಲ. ನಾಳೆ ಮತ ಕೊಡಲಿರುವ ವಿದ್ಯಾರ್ಥಿಗಳೂ ಅದನ್ನು ಕೇಳಬೇಕು.