ಲೂಸಿ ಅಂದ್ರೆ ಲೂಸು ಅಲ್ಲ ಮಾರಾಯ್ರೆ

ಲೂಸಿ ಅನ್ನೋ ಹೆಸರಿಗೆ ಕನ್ನಡದಲ್ಲಿ ಒಂದು ಕಷ್ಟ ಇದೆ. ಕೊನೆಯ ಸ್ವರ ಬದಲಾದರೆ ಸಾಕು, ಲೂಸು! ನನ್ನೂರು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಕಾಫಿ ಸೀಮೆಯಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳು ನಮ್ಮ ಕಡೆ ಇವೆ. ಆ ಮನೆಗಳ ಲೂಸಿಯರು ಶಾಲೆಯಲ್ಲಿ ಕೇಳಿಸಿಕೊಂಡಿದ್ದು ಇದೇ ಹಳಸಲು ಜೋಕು.

ಈಗ ಬೆಂಗಳೂರಿನ ನನ್ನ ಟೀಮಿನ ಗೆಳತಿಯೊಬ್ಬಳು ಮಗಳಿಗೆ ತೀರಿಹೋದ ಅಜ್ಜಿಯ ಹೆಸರಿಡಬೇಕು ಅಂತಿದ್ದಾಳೆ. ಅಜ್ಜಿ ಲೂಸಿ. ಪ್ರೇಮವಿವಾಹ, ಗಂಡನ ಮನೆಯವರು ಕ್ರೈಸ್ತರಲ್ಲ. "ನಾಳೆ ಸ್ಕೂಲಲ್ಲಿ ಮಗೂನ ಏನಂತ ಕರೀತಾರೆ ಗೊತ್ತಲ್ಲಮ್ಮ?" ಅನ್ನೋದು ಅತ್ತೆಯ ಮಾತು. ಗಂಡ ಮೌನಿ. "ಇದಕ್ಕೆ ಅರ್ಥ ಆದ್ರೂ ಏನು, ಹುಡುಕಿ ಕೊಡೋ" ಅಂದಳು.

ಅರ್ಥ, ಬೆಳಕು. ಲ್ಯಾಟಿನ್‌ನಲ್ಲಿ 'ಲುಕ್ಸ್' ಅಂದರೆ ಬೆಳಕು. ಅದರಿಂದ ಲೂಸಿಯಸ್ ಎಂಬ ಗಂಡು ಹೆಸರು. ಬೆಳಗಾಗುವಾಗ ಹುಟ್ಟಿದವನಿಗೆ ಇಡುತ್ತಿದ್ದರು ಎಂದು ರೋಮನ್ನರೇ ಬರೆದಿದ್ದಾರೆ. ಹೆಣ್ಣು ರೂಪ ಲೂಸಿಯಾ, ಇಂಗ್ಲಿಷರ ಬಾಯಲ್ಲಿ ಲೂಸಿ. ಲುಕ್ಸ್ ಮತ್ತು ಸಂಸ್ಕೃತದ 'ರುಚ್' ಒಂದೇ ಬೇರಿನವು ಎನ್ನುತ್ತದೆ ಭಾಷಾಶಾಸ್ತ್ರ. ರುಚ್ ಅಂದರೆ ಹೊಳೆಯುವುದು. ನಾವು ನಾಲಗೆಗೆ ಕಟ್ಟಿಹಾಕಿರುವ ರುಚಿಗೆ ಸಂಸ್ಕೃತದಲ್ಲಿ ಕಾಂತಿ ಎಂಬ ಅರ್ಥವೂ ಇದೆ. ಸೂರ್ಯನಿಗೆ ವಿರೋಚನ ಅನ್ನುವುದೂ ಇದರಿಂದಲೇ. ಹಾಗಾಗಿ ಲೂಸಿಗೆ ರುಚಿ ದೂರದ ತಂಗಿ.

ಗೆಳತಿ ಇದನ್ನು ಅತ್ತೆಗೆ ಹೇಳಿದಳು. "ಹಾಗಾದ್ರೆ ರುಚಿ ಅಂತಲೇ ಇಡಿ, ಎರಡೂ ಒಂದೇ ಅಲ್ವಾ" ಅಂದರಂತೆ! ಒಂದೇ ಅಲ್ಲ. ರುಚಿ ಅಂತ ಕೂಗಿದರೆ ಅವಳ ಅಜ್ಜಿ ಓಗೊಡುತ್ತಿರಲಿಲ್ಲ.

ಈ ಹೆಸರನ್ನು ಊರೂರಿಗೆ ಹರಡಿದ್ದು ಸಿಸಿಲಿಯ ಸಿರಾಕ್ಯೂಸ್‌ನ ಸಂತ ಲೂಸಿಯಾ. ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ಕ್ರಿ.ಶ. 304ರಲ್ಲಿ, ಆಕೆಯನ್ನು ಕೊಂದರು ಎಂಬುದು ಪರಂಪರೆಯ ಮಾತು. ಕಣ್ಣಿನ ತೊಂದರೆ ಇರುವವರು ಆಕೆಯನ್ನು ನೆನೆಯುತ್ತಾರೆ. ಹಬ್ಬ ಡಿಸೆಂಬರ್ 13. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ಒಂದು ಕಾಲಕ್ಕೆ ಅದೇ ಅತಿ ದೀರ್ಘ ರಾತ್ರಿ. ಸ್ವೀಡನ್ನಿನಲ್ಲಿ ಆವತ್ತು ಹುಡುಗಿ ತಲೆ ಮೇಲೆ ಮೇಣದಬತ್ತಿಯ ಕಿರೀಟ ಇಟ್ಟುಕೊಂಡು ಮೆರವಣಿಗೆ ಹೊರಡುತ್ತಾಳೆ. ನಮ್ಮ ಕಡೆ ಅದು ಅರೇಬಿಕಾ ಹಣ್ಣು ಕೀಳುವ ಗಡಿಬಿಡಿಯ ಕಾಲ.

ಕನ್ನಡದವರಿಗೆ ಲೂಸಿಯಾ ಅಂದರೆ ಪವನ್ ಕುಮಾರ್ ಅವರ 2013ರ ಸಿನಿಮಾ, ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ್ದು. ಅಲ್ಲಿ ಲೂಸಿಯಾ ಹುಡುಗಿಯಲ್ಲ, ಕನಸು ತರಿಸುವ ಮಾತ್ರೆ. ಅದನ್ನು ನುಂಗುವ ನಿಕ್ಕಿಯ ಕೆಲಸ? ಥಿಯೇಟರಿನ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸೋದು!

ಗೆಳತಿಗೆ ಇದಕ್ಕಿಂತ ಹಿಡಿಸಿದ್ದು ನಮ್ಮ ಕೆಲಸದೊಳಗಿನ ಸಂಗತಿ. ಎಲಾಸ್ಟಿಕ್‌ಸರ್ಚ್ ನಿಂತಿರುವುದು 'ಲೂಸೀನ್' ಎಂಬ ಸರ್ಚ್ ಲೈಬ್ರರಿಯ ಮೇಲೆ. 1999ರಲ್ಲಿ ಅದನ್ನು ಬರೆದ ಡಗ್ ಕಟಿಂಗ್ ಅದಕ್ಕೆ ಕೊಟ್ಟದ್ದು ಹೆಂಡತಿಯ ನಡುಹೆಸರನ್ನು. ಅದು ಆಕೆಯ ತಾಯಿಯ ತಾಯಿಯ ಹೆಸರು. ಅರ್ಥ ನೋಡಿ ಬೇರೆ ಪದ ಹುಡುಕಲಿಲ್ಲ, ಅಜ್ಜಿಯ ಹೆಸರನ್ನೇ ಇದ್ದ ಹಾಗೆ ಇಟ್ಟರು.